ಹಳೆಯ ಓಮ್ನಿ ಕ್ಯಾಂಪರ್ ವ್ಯಾನಿನ ಪೆಟ್ರೋಲ್ ಖರ್ಚನ್ನು ಹಿಡಿತಕ್ಕೆ ತರುವುದು ಹೇಗೆ?

1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಿಂದ ರಸ್ತೆಗಿಳಿದು, 1988ರಲ್ಲಿ ಓಮ್ನಿ ಎಂದು ಹೆಸರು ಬದಲಿಸಿಕೊಂಡು, 2019ರಲ್ಲಿ ತಯಾರಿಕೆ ನಿಂತುಹೋದ ಆ ಪೆಟ್ಟಿಗೆಯಾಕಾರದ ವಾಹನ ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಮನೆಯಂಗಳಗಳಲ್ಲಿ ಇನ್ನೂ ಕಾಣಸಿಗುತ್ತದೆ. ಅಡಿಕೆ ಮೂಟೆಯನ್ನೂ ಶಾಲೆಯ ಮಕ್ಕಳನ್ನೂ ಹೊತ್ತು ತಿರುಗಿದ ಅದೇ ವ್ಯಾನಿನ ಹಿಂದಿನ ಸೀಟು ಕಳಚಿ, ಹಾಸಿಗೆ, ಒಲೆ, ನೀರಿನ ಕ್ಯಾನುಗಳನ್ನು ಜೋಡಿಸಿ ಪ್ರವಾಸಕ್ಕೆ ಸಜ್ಜು ಮಾಡಿಕೊಳ್ಳುವವರೂ ಇದ್ದಾರೆ. ಹಾಗೆ ಮಾಡಿಕೊಂಡವರಿಂದ ಮೊದಲು ಕೇಳಿಬರುವ ದೂರು ಪೆಟ್ರೋಲಿನದ್ದು. ಬಂಕಿನ ಫಲಕದಲ್ಲಿರುವ ಬೆಲೆಯನ್ನು ನಾವು ಬದಲಿಸಲಾಗದು. ಆದರೆ ಒಂದು ಲೀಟರಿನಲ್ಲಿ ಎಷ್ಟು ದೂರ ಹೋಗುತ್ತೇವೆ ಎಂಬುದು ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇದೆ. ಅಗ್ಗದ ಪೆಟ್ರೋಲ್ ಎಲ್ಲಿ ಸಿಗುತ್ತದೆ ಎಂದು ಹುಡುಕುವುದಕ್ಕೂ ಗ್ಯಾಸ್ ಕಿಟ್ ಹಾಕಿಸುವುದಕ್ಕೂ ಮೊದಲು ಅಳತೆ, ಎಂಜಿನ್, ಭಾರ ಈ ಮೂರನ್ನು ಇದೇ ಅನುಕ್ರಮದಲ್ಲಿ ಸರಿಪಡಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

1. ಮೊದಲು ನಿಜವಾದ ಮೈಲೇಜ್ ತಿಳಿದುಕೊಳ್ಳಿ

"ಹದಿನೈದು ಕೊಡುತ್ತದೆ" ಎಂಬ ಬಾಯಿಮಾತನ್ನು ನಂಬಿ ಯಾವ ಲೆಕ್ಕವನ್ನೂ ಹಾಕಬೇಡಿ. ಟ್ಯಾಂಕ್ ತುಂಬಿಸಿ, ಬಂಕಿನ ನಳಿಗೆ ತಾನಾಗಿ ನಿಂತ ಕೂಡಲೇ ಸಾಕು ಎನ್ನಿ. ಓಡೋಮೀಟರಿನ ಅಂಕಿಯನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಇನ್ನೂರು ಮುನ್ನೂರು ಕಿಲೋಮೀಟರ್ ಓಡಿಸಿದ ಬಳಿಕ, ಸಾಧ್ಯವಾದರೆ ಅದೇ ಬಂಕಿನ ಅದೇ ಪಂಪಿನಲ್ಲಿ, ಮತ್ತೆ ನಳಿಗೆ ತಾನಾಗಿ ನಿಲ್ಲುವವರೆಗೆ ತುಂಬಿಸಿ. ಓಡಿದ ದೂರವನ್ನು ಎರಡನೆಯ ಸಲ ಹಾಕಿಸಿದ ಲೀಟರಿನಿಂದ ಭಾಗಿಸಿದರೆ ಮೈಲೇಜ್ ಸಿಗುತ್ತದೆ. ಒಂದು ಟ್ಯಾಂಕಿನ ಲೆಕ್ಕವನ್ನೇ ನೆಚ್ಚಿಕೊಳ್ಳದೆ ಮೂರು ನಾಲ್ಕು ಟ್ಯಾಂಕುಗಳ ಸರಾಸರಿ ತೆಗೆಯಿರಿ.

ಹಳೆಯ ವ್ಯಾನುಗಳಲ್ಲಿ ಓಡೋಮೀಟರನ್ನೂ ಪರೀಕ್ಷಿಸಬೇಕಾಗುತ್ತದೆ. ಮೂಲ ಅಳತೆಯದ್ದಲ್ಲದ ಟೈರ್ ಹಾಕಿದ್ದರೆ ಅದು ತೋರಿಸುವ ದೂರ ಹೆಚ್ಚುಕಡಿಮೆಯಾಗುತ್ತದೆ. ಮೊಬೈಲಿನ ಜಿಪಿಎಸ್ ಅಥವಾ ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳನ್ನು ನೋಡಿಕೊಂಡು ಐವತ್ತು ಕಿಲೋಮೀಟರ್ ಓಡಿಸಿ ಹೋಲಿಸಿ. ಓಡೋಮೀಟರ್ 100 ಎಂದು ತೋರಿಸುವಾಗ ನಿಜವಾಗಿ ಓಡಿದ್ದು 95 ಆಗಿದ್ದರೆ, ನೀವು 15 ಎಂದು ತಿಳಿದಿದ್ದ ಮೈಲೇಜ್ ವಾಸ್ತವದಲ್ಲಿ 14ಕ್ಕೆ ಸಮೀಪ ಇರುತ್ತದೆ.

ಇಷ್ಟೆಲ್ಲ ಶ್ರಮ ಏಕೆಂದರೆ, ಉಳಿತಾಯದ ಗಾತ್ರ ಈ ಅಂಕಿಯಿಂದಲೇ ಗೊತ್ತಾಗುತ್ತದೆ. ವರ್ಷಕ್ಕೆ 6000 ಕಿಲೋಮೀಟರ್ ಓಡುವ ವ್ಯಾನ್ ಲೀಟರಿಗೆ 12 ಕೊಟ್ಟರೆ 500 ಲೀಟರ್ ಬೇಕು, 15 ಕೊಟ್ಟರೆ 400 ಸಾಕು. ಲೀಟರಿಗೆ 106 ರೂಪಾಯಿ ಎಂದಿಟ್ಟುಕೊಂಡರೆ ವ್ಯತ್ಯಾಸ 10,600 ರೂಪಾಯಿ. ಒಳ್ಳೆಯ ಟ್ಯೂನಿಂಗ್ ಮಾಡಿಸಲು ಅಷ್ಟು ಖರ್ಚಾಗುವುದಿಲ್ಲ.

2. ಎಂಜಿನನ್ನು ಸರಿಪಡಿಸಿ

ಓಮ್ನಿಯದ್ದು 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್, ಮಾರುತಿ 800 ಕಾರಿನಲ್ಲಿದ್ದದ್ದೂ ಇದೇ. ಮುಂದಿನ ಸೀಟನ್ನು ಎತ್ತಿದರೆ ಅದು ಕಣ್ಣೆದುರಿಗೇ ಇರುತ್ತದೆ. ಹೀಗಾಗಿ ಸಣ್ಣಪುಟ್ಟ ಪರಿಶೀಲನೆಯನ್ನು ಮನೆಯಂಗಳದಲ್ಲೇ ಮಾಡಬಹುದು. ಮೊದಲು ಏರ್ ಫಿಲ್ಟರ್ ನೋಡಿ. ಕೆಂಪುಕಲ್ಲಿನ ಕೋರೆಗಳಿರುವ ನಮ್ಮ ಒಳದಾರಿಗಳಲ್ಲಿ ಬೇಸಿಗೆಯ ಧೂಳು ಅದನ್ನು ಬೇಗ ಮುಚ್ಚಿಬಿಡುತ್ತದೆ. ಗಾಳಿ ಸಾಲದಾದಾಗ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಇರುವ ಎಂಜಿನ್ ಹೆಚ್ಚು ಪೆಟ್ರೋಲ್ ಎಳೆಯುತ್ತದೆ. ಫಿಲ್ಟರನ್ನು ಬೆಳಕಿಗೆ ಹಿಡಿದಾಗ ಬೆಳಕು ತೂರಿ ಬಾರದಿದ್ದರೆ ಬದಲಾಯಿಸಿ. ಕೊಡವಿ ಮತ್ತೆ ಹಾಕುವುದರಿಂದ ಪ್ರಯೋಜನ ಕಡಿಮೆ.

ಅನಂತರ ಸ್ಪಾರ್ಕ್ ಪ್ಲಗ್. ಹೆದ್ದಾರಿಯಲ್ಲಿ ಹತ್ತು ಹದಿನೈದು ಕಿಲೋಮೀಟರ್ ಒಂದೇ ವೇಗದಲ್ಲಿ ಓಡಿಸಿ, ಐಡ್ಲಿಂಗಿನಲ್ಲಿ ಬಿಡದೆ ಎಂಜಿನ್ ಆಫ್ ಮಾಡಿ, ಅದು ತಣಿದ ಮೇಲೆ ಮೂರೂ ಪ್ಲಗ್ಗುಗಳನ್ನು ಬಿಚ್ಚಿ, ಯಾವ ಸಿಲಿಂಡರಿನದ್ದು ಯಾವುದೆಂದು ಗುರುತಿಟ್ಟು ಕಾಗದದ ಮೇಲೆ ಸಾಲಾಗಿ ಇಡಿ. ತುದಿಯ ಬಿಳಿ ಪಿಂಗಾಣಿ ತಿಳಿ ಕಂದು ಬಣ್ಣಕ್ಕೆ ತಿರುಗಿದ್ದರೆ ಉರಿತ ಸರಿಯಾಗಿದೆ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ. ಒಂದೇ ಪ್ಲಗ್ ಎಣ್ಣೆ ಹಿಡಿದು ತೇವವಾಗಿದ್ದರೆ ಅದು ಟ್ಯೂನಿಂಗಿನ ವಿಷಯವಲ್ಲ, ಆ ಸಿಲಿಂಡರಿನ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರಬಹುದು. ಮೂರೂ ತೀರಾ ಬೆಳ್ಳಗಿದ್ದರೆ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಅತಿಯಾಗಿ ಕಾಯುತ್ತಿದೆ. ಮೈಲೇಜ್ ಹೆಚ್ಚಿಸುವ ಆಸೆಯಿಂದ ಕಾರ್ಬುರೇಟರಿನ ಸ್ಕ್ರೂ ಬಿಗಿಸಿದ ವ್ಯಾನುಗಳಲ್ಲಿ ಹೀಗಾಗುತ್ತದೆ, ಹೀಗೆಯೇ ಮುಂದುವರಿದರೆ ವಾಲ್ವ್ ಸುಟ್ಟುಹೋಗುತ್ತದೆ. ಮೆಕ್ಯಾನಿಕ್ ಬಳಿ ಹೋಗುವಾಗ ಈ ಪ್ಲಗ್ಗುಗಳನ್ನು ಜೊತೆಗೆ ಒಯ್ದರೆ ಮಾತು ನೇರವಾಗಿ ವಿಷಯಕ್ಕೆ ಬರುತ್ತದೆ.

ಕಾರ್ಬುರೇಟರಿರುವ ವ್ಯಾನಿನಲ್ಲಿ, ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಲು ಗಾಳಿಯನ್ನು ತಡೆಯುವ ಚೋಕ್ ಪೂರ್ತಿ ಹಿಂದಕ್ಕೆ ಬರುತ್ತದೆಯೇ ಎಂದು ಏರ್ ಫಿಲ್ಟರಿನ ಮುಚ್ಚಳ ತೆಗೆದು ಕಣ್ಣಾರೆ ನೋಡಿ. ಕೇಬಲ್ ತುಕ್ಕು ಹಿಡಿದು ಚೋಕ್ ಅರ್ಧಕ್ಕೇ ನಿಂತಿರುವುದು ಹಳೆಯ ವ್ಯಾನುಗಳಲ್ಲಿ ಅಪರೂಪವಲ್ಲ. ಫ್ಲೋಟ್ ಮಟ್ಟ, ಟ್ಯಾಪೆಟ್ ಗ್ಯಾಪ್, ಇಗ್ನಿಷನ್ ಟೈಮಿಂಗ್ ಇವುಗಳನ್ನು ಕಾರ್ಬುರೇಟರ್ ಬಿಚ್ಚಿ ಕೈಪಳಗಿದ ಹಿರಿಯ ಮೆಕ್ಯಾನಿಕ್ ಒಬ್ಬರಿಂದ ಮಾಡಿಸುವುದೇ ಲೇಸು. ಎಂಪಿಎಫ್‌ಐ ಎಂಜಿನ್ (ಕಾರ್ಬುರೇಟರಿನ ಬದಲು ಸೆನ್ಸರುಗಳ ಲೆಕ್ಕದಂತೆ ಪೆಟ್ರೋಲ್ ಸಿಂಪಡಿಸುವಂಥದ್ದು) ಇರುವ ನಂತರದ ಓಮ್ನಿಗಳಲ್ಲಿ ಈ ಹೊಂದಾಣಿಕೆಗಳಲ್ಲಿ ಹಲವು ಇಲ್ಲ. ಅಲ್ಲಿ ಆಕ್ಸಿಜನ್ ಸೆನ್ಸರ್ ಮತ್ತು ಕೂಲೆಂಟಿನ ತಾಪ ಅಳೆಯುವ ಸೆನ್ಸರ್ ಕೆಟ್ಟಿದ್ದರೆ ಮೈಲೇಜ್ ಕುಸಿಯುತ್ತದೆ.

ಒಂದು ಮಾತನ್ನು ಒತ್ತಿ ಹೇಳಬೇಕು. ಎಂಜಿನ್ ಕಾಯುತ್ತದೆ ಎಂದು ದೂರಿದಾಗ, ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟನ್ನೇ ತೆಗೆದುಹಾಕುವ ರೂಢಿ ನಮ್ಮ ಅನೇಕ ವರ್ಕ್‌ಶಾಪುಗಳಲ್ಲಿದೆ. ಅದರಿಂದ ಎಂಜಿನ್ ಬೇಕಾದ ಬಿಸಿಗೆ ಬರಲು ಬಹಳ ಹೊತ್ತು ಹಿಡಿಯುತ್ತದೆ, ಮಳೆಗಾಲದಲ್ಲಂತೂ ಅರ್ಧ ಪ್ರಯಾಣ ತಣ್ಣಗಿನ ಎಂಜಿನಿನಲ್ಲೇ ಮುಗಿಯುತ್ತದೆ. ತಣ್ಣಗಿನ ಎಂಜಿನ್ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ, ಬೇಗ ಸವೆಯುತ್ತದೆ ಕೂಡ. ನಿಮ್ಮ ವ್ಯಾನಿನಲ್ಲಿ ಥರ್ಮೋಸ್ಟಾಟ್ ಇದೆಯೇ ಎಂದು ಕೇಳಿ ತಿಳಿಯಿರಿ. ಇಲ್ಲದಿದ್ದರೆ ಹಾಕಿಸಿ, ಕಾಯುವ ಸಮಸ್ಯೆಗೆ ರೇಡಿಯೇಟರ್ ಶುಚಿ ಮಾಡಿಸುವುದೇ ಸರಿಯಾದ ಪರಿಹಾರ.

ಟ್ಯೂನಿಂಗ್ ಆದ ಮೇಲೆ ಹೊಗೆ ತಪಾಸಣೆ ಮಾಡಿಸಿ, ಪ್ರಮಾಣಪತ್ರದಲ್ಲಿ ನಮೂದಾದ ಕಾರ್ಬನ್ ಮಾನಾಕ್ಸೈಡಿನ ಶೇಕಡಾ ಅಂಕಿಯನ್ನು ಹಿಂದಿನ ವರ್ಷದ್ದರ ಜೊತೆ ಹೋಲಿಸಿ. ಪರೀಕ್ಷೆಯಲ್ಲಿ ಪಾಸಾಗುವುದು ಬೇರೆ, ಅಂಕಿ ಇಳಿಯುವುದು ಬೇರೆ. ಇಳಿದಿದ್ದರೆ, ಪೂರ್ತಿ ಸುಡದೆ ಹೊರಗೆ ಹೋಗುತ್ತಿದ್ದ ಪೆಟ್ರೋಲ್ ಉಳಿಯುತ್ತಿದೆ ಎಂದು ತಿಳಿಯಬಹುದು.

3. ಚಕ್ರಗಳು ಸಲೀಸಾಗಿ ತಿರುಗಲಿ

ಟೈರಿನ ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡಿಸುವ ಮೊದಲು, ವಾಹನದ ಫಲಕದಲ್ಲಿ ಅಥವಾ ಕೈಪಿಡಿಯಲ್ಲಿ ಹೇಳಿದಷ್ಟು ಹಾಕಿಸಿ. ತುಂಬು ಭಾರಕ್ಕೆ ಹಿಂದಿನ ಟೈರುಗಳಿಗೆ ಹೇಳಿದ ಪ್ರಮಾಣವೇ ಕ್ಯಾಂಪರಿಗೆ ಅನ್ವಯಿಸುತ್ತದೆ. ನಮ್ಮ ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ವ್ಯಾನಿನ ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದು ಹಿಂದಿನ ಬ್ರೇಕ್ ಪೂರ್ತಿ ಬಿಡದಿರುವುದು ಸಾಮಾನ್ಯ. ಬ್ರೇಕ್ ಹೆಚ್ಚು ಒತ್ತದೆ ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರಗಳ ಬಳಿ ಕೈ ಒಯ್ದು ಬಿಸಿ ಗಮನಿಸಿ. ಒಂದು ಚಕ್ರ ಮಾತ್ರ ಸುಡುವಷ್ಟು ಬಿಸಿಯಾಗಿದ್ದರೆ ಅದರ ಬ್ರೇಕ್ ಹಿಡಿದುಕೊಂಡಿದೆ ಅಥವಾ ಬೇರಿಂಗ್ ಹೋಗಿದೆ. ಇದು ಸರಿಯಾಗದೆ ಬೇರೆ ಯಾವ ಉಳಿತಾಯವೂ ಲೆಕ್ಕಕ್ಕೆ ಬರುವುದಿಲ್ಲ.

4. ಒಳಗಿನ ಭಾರವನ್ನು ಇಳಿಸಿ

ಖಾಲಿ ಓಮ್ನಿಯ ತೂಕ 800 ಕಿಲೋಗ್ರಾಂಗಳ ಒಳಗೆ. ಒಳಗಡೆ 150 ಕಿಲೋ ಸಾಮಾನು ಸೇರಿಸಿದರೆ ಗಾಡಿಯ ತೂಕದ ಸುಮಾರು ಐದನೇ ಒಂದು ಭಾಗ ಸೇರಿದಂತೆ, ಅದನ್ನು ಎಳೆಯಬೇಕಾದದ್ದು 35 ಅಶ್ವಶಕ್ತಿಯ ಆಸುಪಾಸಿನ ಎಂಜಿನ್. ಸಮತಟ್ಟಾದ ಹೆದ್ದಾರಿಯಲ್ಲಿ ಭಾರದ ಪೆಟ್ಟು ಅಷ್ಟಾಗಿ ಗೊತ್ತಾಗದಿದ್ದರೂ ಗುಡ್ಡ ಹತ್ತಿ ಇಳಿದು, ಹತ್ತು ಸಲ ನಿಂತು ಹೊರಡುವ ನಮ್ಮ ಊರಿನ ದಾರಿಗಳಲ್ಲಿ ಪ್ರತಿ ಕಿಲೋವೂ ಪೆಟ್ರೋಲಿನ ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ.

ಮಂಚವನ್ನೂ ಕಪಾಟನ್ನೂ ಮಾಡಿಕೊಡುವ ಬಡಗಿಗಳು ಮನೆಯ ಕೆಲಸದ ಅಭ್ಯಾಸದಿಂದ 19 ಮಿಲಿಮೀಟರ್ ಪ್ಲೈವುಡ್ ಬಳಸುತ್ತಾರೆ. ಎಂಟು ಅಡಿಗೆ ನಾಲ್ಕು ಅಡಿಯ ಅಂಥ ಒಂದು ಹಾಳೆ ಸುಮಾರು 35ರಿಂದ 40 ಕಿಲೋ ತೂಗುತ್ತದೆ. 12 ಮಿಲಿಮೀಟರಿನದ್ದು 25 ಕಿಲೋದ ಆಸುಪಾಸು. ಮೂರು ಹಾಳೆ ಬಳಸಿದ ಕೆಲಸದಲ್ಲಿ ದಪ್ಪ ಇಳಿಸಿದ್ದರಿಂದಲೇ ನಲವತ್ತು ಕಿಲೋ ಉಳಿಯುತ್ತದೆ. ಮಲಗುವ ಹಲಗೆಗೆ 12 ಮಿಲಿಮೀಟರ್, ಅಡಿಯಲ್ಲಿ ಅಲ್ಯೂಮಿನಿಯಂ ಚೌಕಟ್ಟು, ಕಪಾಟಿನ ಬಾಗಿಲುಗಳಿಗೆ 6 ಮಿಲಿಮೀಟರ್ ಸಾಕು. ಹೊಸದಾಗಿ ಮಾಡಿಸುವವರು ಬಡಗಿಯ ಬಳಿ ಈ ಮಾತನ್ನು ಮೊದಲೇ ಆಡಬೇಕು, ಏಕೆಂದರೆ ಕೆಲಸ ಮುಗಿದ ಮೇಲೆ ಇದನ್ನು ಬದಲಿಸುವುದು ಕಷ್ಟ.

ನೀರಿನ ವಿಷಯವೂ ಹಾಗೆಯೇ. 20 ಲೀಟರಿನ ಎರಡು ಕ್ಯಾನ್ ಎಂದರೆ 40 ಕಿಲೋ. ಕಾಸರಗೋಡಿನ ರಸ್ತೆಗಳಲ್ಲಿ ಊರಿಂದೂರಿಗೆ ದೂರ ಕಡಿಮೆ, ನೀರು ತುಂಬಿಸಿಕೊಳ್ಳಲು ಕಷ್ಟವಿಲ್ಲ. ಒಂದು ಕ್ಯಾನ್ ಒಯ್ದು, ತಂಗುವ ಜಾಗ ತಲುಪುವ ಮೊದಲು ತುಂಬಿಸಿಕೊಳ್ಳಿ. ದೀಪ, ಫ್ಯಾನುಗಳಿಗೆಂದು ಹಾಕಿಸುವ 100 ಆಂಪಿಯರ್ ಅವರ್ ಬ್ಯಾಟರಿ ಸೀಸದ್ದಾದರೆ ಸುಮಾರು 30 ಕಿಲೋ, ಲಿಥಿಯಂ ಐರನ್ ಫಾಸ್ಫೇಟಿನದ್ದಾದರೆ ಅದರ ಅರ್ಧಕ್ಕಿಂತ ಕಡಿಮೆ. ಬೆಲೆ ಹೆಚ್ಚಾದರೂ ಎರಡನೆಯದೇ ಕ್ಯಾಂಪರಿಗೆ ಒಪ್ಪುತ್ತದೆ.

ಮಾಡಿನ ಮೇಲಿನ ಕ್ಯಾರಿಯರನ್ನು ಪ್ರವಾಸವಿಲ್ಲದಾಗ ಕಳಚಿಡಿ. ಸೌರಫಲಕ ಬೇಕೆಂದಿದ್ದರೆ ಮಾಡಿಗೆ ಅಂಟಿದಂತೆ ಕೂರಿಸಿ. ಅಂದ ಹಾಗೆ, ವಾಹನದ ಮೂಲ ರಚನೆಯನ್ನು ಬದಲಿಸುವ ಯಾವ ಕೆಲಸಕ್ಕೂ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಅನುಮತಿ ಬೇಕಾಗುತ್ತದೆ. ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

5. ನಮ್ಮ ರಸ್ತೆಗಳಿಗೆ ತಕ್ಕಂತೆ ಓಡಿಸಿ

ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 60ರ ವೇಗದಲ್ಲಿ ಇರುವುದಕ್ಕಿಂತ 80ರಲ್ಲಿ ಅದು ಸುಮಾರು ಒಂದೂಮುಕ್ಕಾಲು ಪಟ್ಟು. ಮುಂಭಾಗ ಗೋಡೆಯಂತೆ ನೇರವಾಗಿರುವ ಓಮ್ನಿಗೆ ಈ ಪೆಟ್ಟು ಬೇರೆ ಕಾರುಗಳಿಗಿಂತ ಹೆಚ್ಚು. ರಾಷ್ಟ್ರೀಯ ಹೆದ್ದಾರಿ 66ರ ಅಗಲವಾದ ಹೊಸ ಭಾಗಗಳಲ್ಲಿ ಎಲ್ಲರೂ ಧಾವಿಸುವಾಗ ನಮಗೂ ಒತ್ತಿ ಹೋಗಬೇಕೆನಿಸುವುದು ಸಹಜ. ಆದರೂ ಎಡಗಡೆಯ ಪಥದಲ್ಲಿ, ಕೊನೆಯ ಗೇರಿನಲ್ಲಿ, 55ರಿಂದ 60ರೊಳಗೆ ಸಾಗಿ. ಕರ್ನಾಟಕದ ಗಡಿಯಲ್ಲಿರುವ ತಲಪಾಡಿಯಿಂದ ಕಾಸರಗೋಡಿಗೆ ಸುಮಾರು 35 ಕಿಲೋಮೀಟರ್. 80ರ ಬದಲು 60ರಲ್ಲಿ ಬಂದರೆ ತಡವಾಗುವುದು ಒಂಬತ್ತೇ ನಿಮಿಷ.

ಹೊಸದುರ್ಗದಿಂದ (ಕಾಞಂಗಾಡ್) ಪಾಣತ್ತೂರಿನ ರಸ್ತೆಯಲ್ಲಿ ರಾಣಿಪುರಕ್ಕೋ ಭಾಗಮಂಡಲಕ್ಕೋ ಏರುವಾಗ, ಅಥವಾ ಚೆರ್ಕಳ, ಜಾಲ್ಸೂರು, ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತುವಾಗ, ಎಂಜಿನ್ ಏದುಸಿರು ಬಿಡುವ ಮೊದಲೇ ಗೇರ್ ಇಳಿಸಿ. ಮೇಲಿನ ಗೇರಿನಲ್ಲೇ ಆಕ್ಸಿಲರೇಟರ್ ಪೂರ್ತಿ ಒತ್ತಿ ಎಳೆಸಿದರೆ ಪೆಟ್ರೋಲ್ ಉಳಿಯುವುದಿಲ್ಲ, ಎಂಜಿನಿಗೂ ಕೇಡು. ಇಳಿಯುವಾಗ ನ್ಯೂಟ್ರಲ್ ಮಾಡಿ ಜಾರಿಬಿಡುವ ಅಭ್ಯಾಸವನ್ನು ಯಾವ ಕಾರಣಕ್ಕೂ ಇಟ್ಟುಕೊಳ್ಳಬೇಡಿ. ಎಂಪಿಎಫ್‌ಐ ಎಂಜಿನಿನಲ್ಲಿ ಗೇರಿನಲ್ಲೇ ಇದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಪೆಟ್ರೋಲ್ ತಾನಾಗಿ ನಿಲ್ಲುತ್ತದೆ, ನ್ಯೂಟ್ರಲಿನಲ್ಲಿ ಐಡ್ಲಿಂಗಿಗಾಗಿ ಅದು ಹೋಗುತ್ತಲೇ ಇರುತ್ತದೆ. ಕಾರ್ಬುರೇಟರಿನ ವ್ಯಾನಿನಲ್ಲಿ ಹನಿಯಷ್ಟು ಉಳಿದರೂ, ಭಾರ ಹೊತ್ತ ಗಾಡಿಯ ಬ್ರೇಕ್ ಕಾದು ಹಿಡಿಯದೆ ಹೋಗುವ ಅಪಾಯದ ಮುಂದೆ ಅದು ಏನೂ ಅಲ್ಲ.

ರೈಲ್ವೆ ಗೇಟು ಬಿದ್ದಾಗ, ಪೇಟೆಯ ಸಾಲಿನಲ್ಲಿ ಸಿಕ್ಕಿಕೊಂಡಾಗ ಎಂಜಿನ್ ಆಫ್ ಮಾಡಿ. ರಾತ್ರಿ ಫ್ಯಾನಿಗಾಗಿ ಅಥವಾ ಬ್ಯಾಟರಿ ಚಾರ್ಜಿಗಾಗಿ ಎಂಜಿನ್ ಚಾಲೂ ಇಟ್ಟು ಮಲಗುವುದಂತೂ ಕೂಡದು. ಎಂಜಿನ್ ಸೀಟಿನ ಕೆಳಗೇ ಇರುವ ವಾಹನದಲ್ಲಿ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರಿದರೆ ಮಲಗಿದವರಿಗೆ ಎಚ್ಚರವೂ ಆಗುವುದಿಲ್ಲ.

6. ಪೆಟ್ರೋಲ್ ಎಲ್ಲಿ, ಯಾವುದು

ಪೆಟ್ರೋಲ್ ಜಿಎಸ್‌ಟಿಯೊಳಗೆ ಇಲ್ಲದ ಕಾರಣ ಪ್ರತಿ ರಾಜ್ಯದ ತೆರಿಗೆ ಬೇರೆ. ಕೇರಳ 2023ರ ಏಪ್ರಿಲ್ 1ರಿಂದ ಲೀಟರಿಗೆ 2 ರೂಪಾಯಿಯ ಸಾಮಾಜಿಕ ಭದ್ರತಾ ಸೆಸ್ ಸೇರಿಸಿತು. ಕರ್ನಾಟಕ 2024ರ ಜೂನ್‌ನಲ್ಲಿ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಿದ ಬಳಿಕವೂ ಗಡಿಯಾಚೆಯ ಬೆಲೆ ನಮ್ಮದಕ್ಕಿಂತ ಕಡಿಮೆಯೇ ಉಳಿಯಿತು. ಹೀಗಾಗಿ ತಲಪಾಡಿ ದಾಟಿ ತುಂಬಿಸಿ ಬರುವುದು ಗಡಿನಾಡಿನಲ್ಲಿ ರೂಢಿಯಾಗಿದೆ.

ಅದು ಲಾಭವೋ ಅಲ್ಲವೋ ಎಂಬುದು ನೀವು ಎಲ್ಲಿಂದ ಹೊರಡುತ್ತೀರಿ ಎಂಬುದನ್ನು ಅವಲಂಬಿಸಿದೆ. ವ್ಯತ್ಯಾಸ ಲೀಟರಿಗೆ 4 ರೂಪಾಯಿ ಎಂದಿಟ್ಟುಕೊಂಡರೆ 30 ಲೀಟರಿಗೆ ಉಳಿಯುವುದು 120 ರೂಪಾಯಿ. ಕಾಸರಗೋಡು ಪೇಟೆಯಿಂದ ಅದಕ್ಕಾಗಿಯೇ ಹೋಗಿಬಂದರೆ 70 ಕಿಲೋಮೀಟರ್. ಲೀಟರಿಗೆ 14ರಂತೆ 5 ಲೀಟರ್ ಖಾಲಿ, ಅಂದರೆ 500 ರೂಪಾಯಿಗೂ ಮೇಲೆ, ಟೋಲ್ ಬಿದ್ದರೆ ಅದು ಬೇರೆ. ಮಂಜೇಶ್ವರದವರಿಗೆ, ಅಥವಾ ಹೇಗೂ ಮಂಗಳೂರಿಗೋ ವಿಟ್ಲ, ಪುತ್ತೂರಿಗೋ ಹೋಗಿಬರುವವರಿಗೆ ಮಾತ್ರ ಇದು ನಿಜವಾದ ಉಳಿತಾಯ. ಪ್ರವಾಸ ಹೊರಡುವಾಗ ಗಡಿ ದಾಟುವಷ್ಟು ಮಾತ್ರ ಇಲ್ಲಿ ಹಾಕಿಸಿ, ಮರಳುವಾಗ ಆಚೆಯೇ ಟ್ಯಾಂಕ್ ತುಂಬಿಸಿ. ಆದರೆ ಪ್ಲಾಸ್ಟಿಕ್ ಕ್ಯಾನುಗಳಲ್ಲಿ ತುಂಬಿ, ಒಲೆಯೂ ಹಾಸಿಗೆಯೂ ಇರುವ ವ್ಯಾನಿನಲ್ಲಿ ತರಬೇಡಿ.

ಈಗ ಬಂಕುಗಳಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಲೀಟರೊಂದರಲ್ಲಿ ಎಥನಾಲಿನ ಶಕ್ತಿ ಪೆಟ್ರೋಲಿನ ಸುಮಾರು ಮೂರನೇ ಎರಡು ಭಾಗ ಮಾತ್ರ, ಆದ್ದರಿಂದ ಮೈಲೇಜ್ ತುಸು ಇಳಿಯುವುದು ಸಹಜ. ಹಳೆಯ ಪುಸ್ತಕದ ಅಂಕಿಗಳ ಜೊತೆ ಹೋಲಿಸುವಾಗ ಇದು ನೆನಪಿರಲಿ. ಕಾರ್ಬುರೇಟರ್ ಈ ವ್ಯತ್ಯಾಸವನ್ನು ತಾನಾಗಿ ಅರಿಯಲಾರದು. ಮಿಶ್ರಣ ತೆಳುವಾಗಿ ಬೆಳಗಿನ ಸ್ಟಾರ್ಟಿಂಗ್ ಕಷ್ಟವಾಗುವುದು, ಆಕ್ಸಿಲರೇಟರ್ ಒತ್ತಿದಾಗ ತಡವರಿಸುವುದು ಕಂಡುಬಂದರೆ ಹೊಸ ಪೆಟ್ರೋಲಿಗೆ ತಕ್ಕಂತೆ ಮತ್ತೆ ಟ್ಯೂನ್ ಮಾಡಿಸಿ. ಅದಕ್ಕಿಂತ ಮುಖ್ಯವಾಗಿ, ಹಳೆಯ ರಬ್ಬರ್ ಹೋಸುಗಳು ಮತ್ತು ಪೆಟ್ರೋಲ್ ಪಂಪಿನ ಡಯಾಫ್ರಾಮ್ ಎಥನಾಲಿಗೆ ಉಬ್ಬಿ ಬಿರಿಯುತ್ತವೆ. ಅವನ್ನು ಎಥನಾಲ್ ತಾಳುವಂಥವುಗಳಿಗೆ ಬದಲಾಯಿಸಿ. ಸೀಟಿನ ಕೆಳಗೆ ಪೆಟ್ರೋಲ್ ವಾಸನೆ ಬಂದರೆ ಆ ದಿನ ಗಾಡಿ ಹೊರಡಬಾರದು.

ಹೆಚ್ಚಿನ ಆಕ್ಟೇನಿನ ದುಬಾರಿ ಪೆಟ್ರೋಲಿನಿಂದ ಕಡಿಮೆ ಕಂಪ್ರೆಶನ್ನಿನ ಈ ಎಂಜಿನಿಗೆ ಲಾಭವಿಲ್ಲ. ಬೆಳಗಿನ ಜಾವ ಹಾಕಿಸಿದರೆ ಹೆಚ್ಚು ಸಿಗುತ್ತದೆ ಎಂಬ ನಂಬಿಕೆಯಲ್ಲೂ ಹುರುಳಿಲ್ಲ, ಏಕೆಂದರೆ ನೆಲದಡಿಯ ಟ್ಯಾಂಕಿನ ತಾಪ ದಿನವಿಡೀ ಹೆಚ್ಚುಕಡಿಮೆ ಒಂದೇ. ಅಳತೆಯ ಬಗ್ಗೆ ಸಂಶಯ ಬಂದರೆ ಬಂಕಿನಲ್ಲಿರಲೇಬೇಕಾದ 5 ಲೀಟರಿನ ಮುದ್ರೆಯ ಅಳತೆಪಾತ್ರೆಯಲ್ಲಿ ತೋರಿಸುವಂತೆ ಕೇಳುವ ಹಕ್ಕು ಗ್ರಾಹಕರಿಗಿದೆ.

7. ಗ್ಯಾಸ್ ಕಿಟ್ ಬೇಕೇ?

2021ರ ಜನವರಿಯಲ್ಲಿ ಉದ್ಘಾಟನೆಯಾದ ಕೊಚ್ಚಿ–ಮಂಗಳೂರು ಅನಿಲ ಕೊಳವೆಮಾರ್ಗ ಕಾಸರಗೋಡು ಜಿಲ್ಲೆಯ ಮೂಲಕವೇ ಹೋಗುತ್ತದೆ, ಸಿಎನ್‌ಜಿ ಇಲ್ಲಿಯೂ ಸಿಗುತ್ತದೆ. ದಿನವೂ ಓಡುವ ಬಾಡಿಗೆ ವ್ಯಾನಿಗೆ ಅದು ಒಳ್ಳೆಯ ಆಯ್ಕೆ. ಕ್ಯಾಂಪರಿಗೆ ನಾನು ಅದನ್ನು ಸೂಚಿಸುವುದಿಲ್ಲ. ಸಿಲಿಂಡರ್ ಹಾಸಿಗೆಯ ಕೆಳಗಿನ ಜಾಗವನ್ನು ತಿನ್ನುತ್ತದೆ, ಕಷ್ಟಪಟ್ಟು ಇಳಿಸಿದ ಭಾರ ಮರಳಿ ಬರುತ್ತದೆ, ಘಾಟಿಯಲ್ಲಿ ಎಳೆಯುವ ಶಕ್ತಿ ಕುಗ್ಗುತ್ತದೆ. ವರ್ಷಕ್ಕೆ ಕೆಲವೇ ಸಾವಿರ ಕಿಲೋಮೀಟರ್ ಓಡುವವರಿಗೆ ಕಿಟ್ಟಿನ ಹಣ ಮರಳಲು ಬಹಳ ವರ್ಷ ಬೇಕು. ಹಾಕಿಸುವುದೇ ಆದರೆ ಅನುಮೋದಿತ ಕಿಟ್ ಮಾತ್ರ ಇರಲಿ, ಆರ್‌ಸಿಯಲ್ಲಿ ನಮೂದಾಗಲಿ, ಸಿಲಿಂಡರಿನ ಒತ್ತಡ ಪರೀಕ್ಷೆಯನ್ನು ತಪ್ಪಿಸದಿರಿ.

8. ಮಳೆಗಾಲಕ್ಕೆ ನಿಲ್ಲಿಸುವಾಗ

ಜೂನ್‌ನಿಂದ ಸೆಪ್ಟೆಂಬರಿನವರೆಗೆ ವ್ಯಾನ್ ನಿಂತೇ ಇರುವುದಾದರೆ ಟ್ಯಾಂಕನ್ನು ಅರ್ಧಕ್ಕೆ ಬಿಡಬೇಡಿ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಮಿತಿ ಮೀರಿದರೆ ನೀರೂ ಎಥನಾಲೂ ಸೇರಿ ತಳಕ್ಕಿಳಿದು ಟ್ಯಾಂಕಿಗೆ ತುಕ್ಕು ಹಿಡಿಸುತ್ತವೆ. ತುಂಬಿದ ಟ್ಯಾಂಕಿನಲ್ಲಿ ತೇವದ ಗಾಳಿಗೆ ಜಾಗವಿರುವುದಿಲ್ಲ. ಮುಚ್ಚಳದ ರಬ್ಬರ್ ವಾಷರ್ ಹಳೆಯದಾಗಿದ್ದರೆ ಬದಲಾಯಿಸಿ. ಹ್ಯಾಂಡ್‌ಬ್ರೇಕ್ ಎಳೆದಿಡದೆ ಚಕ್ರಗಳಿಗೆ ಕಲ್ಲು ಅಥವಾ ಮರದ ತುಂಡು ಕೊಟ್ಟು ನಿಲ್ಲಿಸಿ. ಎರಡು ವಾರಕ್ಕೊಮ್ಮೆ, ಮಳೆ ಬಿಟ್ಟ ಹೊತ್ತಿನಲ್ಲಿ, ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಿ ತನ್ನಿ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದರಿಂದ ಸೈಲೆನ್ಸರಿನಲ್ಲಿ ನೀರು ಕೂಡುತ್ತದೆಯೇ ಹೊರತು ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಅಕ್ಟೋಬರಿನಲ್ಲಿ ಮೊದಲ ಪ್ರಯಾಣಕ್ಕೆ ಮುನ್ನ ಪೆಟ್ರೋಲ್ ಫಿಲ್ಟರ್ ಬದಲಾಯಿಸಿ, ಪ್ಲಗ್ಗುಗಳನ್ನು ಮತ್ತೊಮ್ಮೆ ಬಿಚ್ಚಿ ನೋಡಿ, ಓಡೋಮೀಟರಿನ ಅಂಕಿ ಬರೆದುಕೊಂಡು ಹೊಸ ಲೆಕ್ಕ ಆರಂಭಿಸಿ.